ಕುಂದುಳ್ಳ ಸಂತರು, ನಮ್ಮಂಥ ಮನುಷ್ಯರು



ನಮ್ಮ ಮಾತುಕತೆ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ದ್ವಿತೀಯ ಪಿ.ಯು.ಸಿ. ಓದುತ್ತಿದ್ದ ಹುಡುಗನೊಬ್ಬ ಅದನ್ನು ನೇರವಾಗಿಯೇ ಕೇಳಿದ್ದ. ಅವನ ಮಾತಿನ ಸಾರಾಂಶ ಇಷ್ಟು: "ಮಹಾಪುರುಷರ ಜೀವನ ಓದಿ ಸ್ಫೂರ್ತಿ ಪಡೆಯಿರಿ ಎಂದು ಎಲ್ಲರೂ ಹೇಳುತ್ತೀರಿ. ಆ ಪುಸ್ತಕಗಳಲ್ಲಿ ಇರುವವರು ಸುಳ್ಳು ಹೇಳಿದವರಲ್ಲ, ಸೋತವರಲ್ಲ, ಸಿಟ್ಟು ಮಾಡಿಕೊಂಡವರೂ ಅಲ್ಲ. ನಾನು ಈ ಮೂರನ್ನೂ ಮಾಡಿದ್ದೇನೆ. ಹಾಗಾದರೆ ಅವು ನನ್ನಂಥವರಿಗೆ ಬರೆದ ಪುಸ್ತಕಗಳಲ್ಲವೇ?"

ಪತ್ರ ಓದಿ ನನಗೆ ನಗು ಬರಲಿಲ್ಲ. ಎರಡನೆಯ ವರ್ಷದ ಬಿ.ಎಸ್ಸಿ.ಯಲ್ಲಿ ಗಣಿತದ ಒಂದು ಪತ್ರಿಕೆಯಲ್ಲಿ ನಾನು ಅನುತ್ತೀರ್ಣಳಾಗಿದ್ದೆ. ಹದಿನೈದು ದಿನ ಮಾರ್ಕ್ಸ್ ಕಾರ್ಡನ್ನು ಮನೆಯಲ್ಲಿ ತೋರಿಸದೆ ಟ್ರಂಕಿನ ತಳದಲ್ಲಿ ಬಚ್ಚಿಟ್ಟಿದ್ದೆ. ಆ ದಿನಗಳಲ್ಲಿ ನಮ್ಮ ಮನೆಯ ಕಪಾಟಿನಲ್ಲಿದ್ದ ಮಹನೀಯರ ಚರಿತ್ರೆಗಳನ್ನು ನೋಡಿದರೆ ಧೈರ್ಯದ ಬದಲು ನಾಚಿಕೆಯಾಗುತ್ತಿತ್ತು. ಆದ್ದರಿಂದ ಈ ಸಲ ಆ ಹುಡುಗನ ಪ್ರಶ್ನೆಯನ್ನೇ ವಿಷಯವಾಗಿ ಇಟ್ಟುಕೊಳ್ಳೋಣ. ಉತ್ತರವನ್ನು ನಾವು ಸಾಮಾನ್ಯವಾಗಿ ಹುಡುಕದ ಕಡೆ, ಅಂದರೆ ಕ್ಯಾಥೊಲಿಕ್ ಕ್ರೈಸ್ತರ ಪಾಲಕ ಸಂತರ ಚರಿತ್ರೆಯಲ್ಲಿ ಹುಡುಕೋಣ.

ಪಾಲಕ ಸಂತ ಎಂದರೆ ಯಾರು?

'ಸೇಂಟ್' ಎಂಬ ಪದ ನಮಗೆ ಹೊಸದಲ್ಲ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು 1880ರಲ್ಲಿ, ಬೆಂಗಳೂರಿನ ಸಂತ ಜೋಸೆಫರ ಕಾಲೇಜು 1882ರಲ್ಲಿ ಆರಂಭವಾದವು. ರಾಜ್ಯದ ಎಷ್ಟೋ ಶಾಲೆಗಳ ಮತ್ತು ಆಸ್ಪತ್ರೆಗಳ ಹೆಸರು ಈ ಪದದಿಂದಲೇ ಶುರುವಾಗುತ್ತದೆ. ಆದರೆ ಆ ಹೆಸರಿನ ವ್ಯಕ್ತಿ ಯಾರು, ಏನು ಮಾಡಿದರು ಎಂದು ಕೇಳುವವರು ಕಡಿಮೆ.

ಕ್ಯಾಥೊಲಿಕ್ ಧರ್ಮಸಭೆಯ ನಂಬಿಕೆಯಂತೆ ಸಂತರು ದೇವರಲ್ಲ. ದೇವರ ಸನ್ನಿಧಿಯನ್ನು ಸೇರಿ, ನಮಗಾಗಿ ಅಲ್ಲಿ ಪ್ರಾರ್ಥಿಸುವ ಮನುಷ್ಯರು. ಒಂದು ವೃತ್ತಿಗೆ, ಒಂದು ಊರಿಗೆ ಅಥವಾ ಒಂದು ಕಷ್ಟಕ್ಕೆ ಸಂಬಂಧಪಟ್ಟು ಜನ ಯಾರನ್ನು ವಿಶೇಷವಾಗಿ ನೆನೆಯುತ್ತಾರೋ ಅವರು ಪಾಲಕ ಸಂತರು. ಸಂಗೀತಗಾರರಿಗೆ ಸಂತ ಸಿಸಿಲಿಯಾ. ವಸ್ತು ಕಳೆದುಕೊಂಡವರಿಗೆ ಪಾದುವಾದ ಸಂತ ಅಂತೋಣಿ. ಅನುವಾದಕರಿಗೆ ಸಂತ ಜೆರೋಮ್. ಪರೀಕ್ಷೆಗೆ ಕೂರುವವರಿಗೂ ಒಬ್ಬ ಸಂತರಿದ್ದಾರೆ. ಅವರ ವಿಷಯಕ್ಕೆ ಆಮೇಲೆ ಬರೋಣ.

ತಪ್ಪು ಹುಡುಕಲು ಒಬ್ಬ ವಕೀಲ

ನಾನು ಧರ್ಮಶಾಸ್ತ್ರ ಓದಿದವಳಲ್ಲ, ವಿಜ್ಞಾನದ ಪದವೀಧರೆ. ಈ ವಿಷಯದಲ್ಲಿ ನನ್ನ ಕುತೂಹಲ ಕೆರಳಿಸಿದ್ದು ಸಂತರನ್ನು ಘೋಷಿಸುವ ವಿಧಾನ. ಮೊದಲ ಸಾವಿರ ವರ್ಷ ಅದಕ್ಕೆ ಖಚಿತವಾದ ಕ್ರಮ ಇರಲಿಲ್ಲ. ಊರಿನ ಜನ ಗೌರವಿಸಿದರೆ, ಅಲ್ಲಿನ ಬಿಷಪ್ ಒಪ್ಪಿದರೆ ಸಾಕಿತ್ತು. ಪೋಪ್ ಒಬ್ಬರು ವಿಧಿವತ್ತಾಗಿ ಸಂತಪದವಿ ನೀಡಿದ ಮೊದಲ ದಾಖಲೆ 993ನೆಯ ಇಸವಿಯದು. ಕಾಲಕ್ರಮೇಣ ಇದು ನ್ಯಾಯಾಲಯದ ವಿಚಾರಣೆಯಂತೆ ಬೆಳೆಯಿತು. 1587ರಲ್ಲಿ ಪೋಪ್ 5ನೆಯ ಸಿಕ್ಸ್‌ಟಸ್ ಒಂದು ವಿಶೇಷ ಹುದ್ದೆಯನ್ನು ಸ್ಥಾಪಿಸಿದರು. ಸಂತಪದವಿಗೆ ಹೆಸರು ಬಂದ ವ್ಯಕ್ತಿಯ ತಪ್ಪುಗಳನ್ನೂ ಸಾಕ್ಷ್ಯದಲ್ಲಿರುವ ದೋಷಗಳನ್ನೂ ಹುಡುಕಿ ಸಭೆಯ ಮುಂದಿಡುವುದೇ ಆ ಅಧಿಕಾರಿಯ ಕೆಲಸ. ಜನ ಅವರಿಗೆ 'ಸೈತಾನನ ವಕೀಲ' ಎಂದು ಹೆಸರಿಟ್ಟರು. 1983ರಲ್ಲಿ ಪೋಪ್ 2ನೆಯ ಜಾನ್ ಪಾಲ್ ಈ ಕ್ರಮವನ್ನು ಬಹಳ ಮಟ್ಟಿಗೆ ಬದಲಿಸಿದರು.

ವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಪರಿಚಿತ ಮನೋಧರ್ಮ. ಸಿದ್ಧಾಂತವೊಂದು ಬಂದಾಗ ಅದನ್ನು ಮುರಿಯಲು ಪ್ರಯತ್ನಿಸುತ್ತೇವೆ, ಮುರಿಯದೆ ಉಳಿದರೆ ಒಪ್ಪುತ್ತೇವೆ. 18ನೆಯ ಶತಮಾನದ ಆರಂಭದಲ್ಲಿ ಸುಮಾರು ಇಪ್ಪತ್ತು ವರ್ಷ ಈ ಹುದ್ದೆಯಲ್ಲಿದ್ದವರು ಪ್ರಾಸ್ಪೆರೋ ಲ್ಯಾಂಬರ್ಟಿನಿ. ಮುಂದೆ ಇವರೇ 1740ರಲ್ಲಿ 14ನೆಯ ಬೆನೆಡಿಕ್ಟ್ ಎಂಬ ಹೆಸರಿನಲ್ಲಿ ಪೋಪ್ ಆದರು. ಬೊಲೊನ್ಯಾ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನ ಕಲಿಸಿದ ಲಾರಾ ಬಾಸ್ಸಿ ಎಂಬ ಮಹಿಳೆಗೆ ಬೆಂಬಲವಾಗಿ ನಿಂತವರೂ ಇವರೇ. ಮುಂದೆ ನೋಡಲಿರುವ ಇಬ್ಬರು ಸಂತರ ಕತೆಯಲ್ಲಿ ಲ್ಯಾಂಬರ್ಟಿನಿ ಮತ್ತೆ ಬರುತ್ತಾರೆ.

ಈ ಪದ್ಧತಿಯಿಂದ ನಮಗೆ ಆದ ದೊಡ್ಡ ಲಾಭವೆಂದರೆ, ಸಂತರ ಕುಂದುಗಳೂ ಕಾಗದದ ಮೇಲೆ ಉಳಿದವು.

ಪರೀಕ್ಷೆಗೆ ಹೆದರಿದ ಜೋಸೆಫ್

ಇಟಲಿಯ ನಕ್ಷೆ ನೋಡಿದರೆ ಅದು ಬೂಟಿನ ಆಕಾರದಲ್ಲಿದೆ. ಆ ಬೂಟಿನ ಹಿಮ್ಮಡಿಯ ಭಾಗದಲ್ಲಿ ಕುಪರ್ಟಿನೋ ಎಂಬ ಊರಿದೆ. 1603ರಲ್ಲಿ ಅಲ್ಲಿ ಒಬ್ಬ ಬಡಗಿಯ ಮಗನಾಗಿ ಜೋಸೆಫ್ ಹುಟ್ಟಿದ. ತಂದೆ ಸಾಲದ ಹೊರೆ ಬಿಟ್ಟು ತೀರಿಕೊಂಡಿದ್ದರು. ಸಾಲಗಾರರು ಮನೆ ವಶಪಡಿಸಿಕೊಂಡಿದ್ದರಿಂದ ತಾಯಿ ಕೊಟ್ಟಿಗೆಯಲ್ಲಿ ಹೆತ್ತಳು ಎನ್ನುತ್ತಾರೆ. ಹುಡುಗನಿಗೆ ಪಾಠ ತಲೆಗೆ ಹತ್ತುತ್ತಿರಲಿಲ್ಲ. ಎಲ್ಲೋ ನೋಡುತ್ತಾ ಬಾಯಿ ತೆರೆದು ನಿಲ್ಲುತ್ತಿದ್ದ. ಓರಗೆಯವರು 'ತೆರೆದ ಬಾಯಿ' ಎಂದೇ ಅಡ್ಡಹೆಸರಿಟ್ಟರು. ಚಪ್ಪಲಿ ಹೊಲಿಯುವ ಕೆಲಸಕ್ಕೆ ಸೇರಿಸಿದರೆ ಅದೂ ಬರಲಿಲ್ಲ. ಕಪುಚಿನ್ ಸನ್ಯಾಸಿಗಳ ಮಠಕ್ಕೆ ಸೇರಿದ. ಪಾತ್ರೆ ಪಡಗ ಕೆಡವಿ ಒಡೆಯುತ್ತಾನೆ, ಹೇಳಿದ್ದು ಮರೆಯುತ್ತಾನೆ ಎಂದು ಎಂಟು ತಿಂಗಳಲ್ಲಿ ಹೊರಗೆ ಕಳುಹಿಸಿದರು.

ಕೊನೆಗೆ ಮತ್ತೊಂದು ಫ್ರಾನ್ಸಿಸ್ಕನ್ ಮಠದಲ್ಲಿ ಲಾಯ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಹೇಸರಗತ್ತೆಯನ್ನು ನೋಡಿಕೊಳ್ಳುತ್ತಾ ಈ ಹುಡುಗ ತೋರಿಸಿದ ವಿನಯ, ತಾಳ್ಮೆ ಹಿರಿಯರ ಕಣ್ಣಿಗೆ ಬಿತ್ತು. ಪಾದ್ರಿಯ ಶಿಕ್ಷಣಕ್ಕೆ ಸೇರಿಸಿದರು. ಅಲ್ಲಿ ಮತ್ತೆ ಪರೀಕ್ಷೆ! ಎಷ್ಟು ಓದಿದರೂ ಶುಭಸಂದೇಶದ ಒಂದು ಭಾಗವನ್ನು ಮಾತ್ರ ಅವರು ಚೆನ್ನಾಗಿ ವಿವರಿಸಬಲ್ಲವರಾಗಿದ್ದರು. ಪರೀಕ್ಷೆಗೆ ಬಂದ ಬಿಷಪ್ ಪುಸ್ತಕ ತೆರೆದಾಗ ಅದೇ ಪುಟ ಬಂತು ಎಂಬುದು ಸಂಪ್ರದಾಯದ ಕತೆ. ಮುಂದಿನ ಪರೀಕ್ಷೆಯಲ್ಲಿ ಮೊದಲ ಕೆಲವರು ಚೆನ್ನಾಗಿ ಉತ್ತರಿಸಿದ್ದರಿಂದ ಪರೀಕ್ಷಕರು ಉಳಿದವರನ್ನೂ ಕೇಳದೆಯೇ ತೇರ್ಗಡೆ ಮಾಡಿದರಂತೆ. 1628ರಲ್ಲಿ ಜೋಸೆಫ್ ಪಾದ್ರಿಯಾದರು.

ಪ್ರಾರ್ಥನೆಯಲ್ಲಿ ಮೈಮರೆತಾಗ ಅವರು ನೆಲದಿಂದ ಮೇಲೇಳುತ್ತಿದ್ದರು ಎಂದು ಅಂದಿನ ಹಲವರು ಸಾಕ್ಷಿ ನುಡಿದಿದ್ದಾರೆ. ವಿಮಾನ ಚಾಲಕರೂ ಅವರನ್ನು ತಮ್ಮ ಸಂತ ಎನ್ನುವುದು ಇದರಿಂದಲೇ. ಗುರುತ್ವಾಕರ್ಷಣೆಯ ಪಾಠ ಓದಿ ಪರೀಕ್ಷೆ ಬರೆದ ನನಗೆ ಇದನ್ನು ಒಪ್ಪುವುದು ಕಷ್ಟ. ನೀವು ನಿಮ್ಮ ವಿವೇಚನೆಯಂತೆ ತೆಗೆದುಕೊಳ್ಳಿ. ಪವಾಡದ ಭಾಗ ಬಿಟ್ಟರೂ ಉಳಿಯುವ ಸಂಗತಿ ಒಂದಿದೆ. ಜನ ಗುಂಪುಗೂಡಿ ನೋಡಲು ಬಂದದ್ದರಿಂದ ಮೇಲಧಿಕಾರಿಗಳು ಅವರನ್ನು ವಿಚಾರಣೆಗೆ ಒಳಪಡಿಸಿದರು. ಮಠದಿಂದ ಮಠಕ್ಕೆ ಕಳುಹಿಸಿ, ಜನರ ಕಣ್ಣಿಗೆ ಬೀಳದಂತೆ ವರ್ಷಗಟ್ಟಲೆ ಇರಿಸಿದರು. ಅವರು ಕಹಿಯಾಗದೆ ಅದನ್ನು ಸಹಿಸಿ, 1663ರಲ್ಲಿ ತೀರಿಕೊಂಡರು. ಅವರ ಪ್ರಕರಣದಲ್ಲಿ ಸೈತಾನನ ವಕೀಲರಾಗಿ ಆಕ್ಷೇಪಗಳನ್ನು ಎತ್ತಿದವರು ಲ್ಯಾಂಬರ್ಟಿನಿ. ಪೋಪ್ ಆದ ಮೇಲೆ 1753ರಲ್ಲಿ ಜೋಸೆಫರಿಗೆ ಸಂತಪದವಿಯ ಹಿಂದಿನ ಮೆಟ್ಟಿಲಾದ 'ಪುನೀತ' ಪದವಿಯನ್ನು ನೀಡಿದವರೂ ಅವರೇ. 1767ರಲ್ಲಿ ಸಂತಪದವಿ ಬಂತು.

ಈ ಕತೆಯಿಂದ "ಒಂದೇ ಪಾಠ ಓದಿದರೆ ಸಾಕು" ಎಂದು ಯಾರೂ ತಿಳಿಯಬೇಡಿ. ಜೋಸೆಫರ ಅದೃಷ್ಟ ನಮ್ಮದಾಗುತ್ತದೆ ಎಂಬ ಖಾತರಿಯಿಲ್ಲ! ಪರೀಕ್ಷೆ ಅಳೆಯುವುದು ನಮ್ಮ ಒಂದು ಅಂಶವನ್ನು ಮಾತ್ರ. ಲಾಯದಲ್ಲಿ ಕಂಡ ಗುಣವನ್ನು ಅಳೆಯುವ ಪ್ರಶ್ನೆಪತ್ರಿಕೆ ಅಂದೂ ಇರಲಿಲ್ಲ, ಇಂದೂ ಇಲ್ಲ.

ಸಿಡುಕಿನ ಪಂಡಿತ

ಸಂತ ಜೆರೋಮರ ಸಮಸ್ಯೆ ಇದಕ್ಕೆ ತದ್ವಿರುದ್ಧ. 4ನೆಯ ಶತಮಾನದ ಈ ಪಂಡಿತರಿಗೆ ಬುದ್ಧಿ ಹೆಚ್ಚಾಗಿತ್ತು, ನಾಲಿಗೆ ಹರಿತವಾಗಿತ್ತು. ಯೆಹೂದಿ ಗುರುಗಳಿಂದ ಹೀಬ್ರೂ ಕಲಿತು, ಬೆತ್ಲೆಹೇಮಿನಲ್ಲಿ ಕುಳಿತು ಬೈಬಲ್ಲನ್ನು ಲ್ಯಾಟಿನ್ನಿಗೆ ತಂದ ಅವರ ಶ್ರಮ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಯುರೋಪಿಗೆ ಆಧಾರವಾಯಿತು. ಆದರೆ ಬಾಲ್ಯಸ್ನೇಹಿತ ರುಫಿನಸ್‌ನೊಡನೆ ಜಗಳವಾಡಿ, ಆತ ಸತ್ತ ಮೇಲೂ ಕಟುವಾಗಿ ಬರೆಯುವುದನ್ನು ಬಿಡಲಿಲ್ಲ. ಅವರು ಕಲ್ಲಿನಿಂದ ಎದೆ ಬಡಿದುಕೊಳ್ಳುವ ಚಿತ್ರವನ್ನು ಪೋಪ್ ಸಿಕ್ಸ್‌ಟಸ್ ನೋಡಿ, ಆ ಕಲ್ಲೊಂದು ಇರದಿದ್ದರೆ ನೀನು ಸಂತನಾಗುತ್ತಿರಲಿಲ್ಲ ಎಂದರು ಎಂಬ ಕತೆ ಪ್ರಚಲಿತವಾಗಿದೆ. ತನ್ನ ತಪ್ಪಿನ ಅರಿವು ಇದ್ದುದೇ ಅವರ ರಕ್ಷೆ ಎಂಬುದು ಅದರ ಅರ್ಥ. ಅವರ ಹಬ್ಬವಾದ ಸೆಪ್ಟೆಂಬರ್ 30ನ್ನು 2017ರಲ್ಲಿ ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಅನುವಾದ ದಿನವೆಂದು ಸಾರಿತು.

ಜೂಜಿನಲ್ಲಿ ಅಂಗಿಯನ್ನೂ ಸೋತವರು

ದಾದಿಯರ, ರೋಗಿಗಳ, ಆಸ್ಪತ್ರೆಗಳ ಪಾಲಕ ಸಂತ ಕಮಿಲಸ್ ಡಿ ಲೆಲ್ಲಿಸ್. ಹುಟ್ಟಿದ್ದು 1550ರಲ್ಲಿ, ಇಟಲಿಯ ಬುಕ್ಕಿಯಾನಿಕೋ ಎಂಬಲ್ಲಿ. ತಂದೆ ಸೈನಿಕ, ಜೂಜುಕೋರ. ಮಗ ಎರಡನ್ನೂ ಕಲಿತ. ಆರಡಿಗೂ ಮೀರಿದ ಎತ್ತರದ ಆಳು, ಮೂಗಿನ ತುದಿಯಲ್ಲಿ ಕೋಪ. ಹರೆಯದಲ್ಲೇ ಕಾಲಿನಲ್ಲಿ ಒಂದು ಹುಣ್ಣಾಯಿತು. ಅದು ಜೀವಮಾನವಿಡೀ ಮಾಯಲಿಲ್ಲ. 1571ರಲ್ಲಿ ಚಿಕಿತ್ಸೆಗೆಂದು ರೋಮಿನ ಸಂತ ಜೇಮ್ಸ್ ಆಸ್ಪತ್ರೆ ಸೇರಿ, ಅಲ್ಲಿಯೇ ಆಳಾಗಿ ದುಡಿದರು. ಜಗಳ ಮತ್ತು ಜೂಜಿನ ಕಾರಣಕ್ಕೆ ಒಂಬತ್ತು ತಿಂಗಳಲ್ಲಿ ಕೆಲಸ ಹೋಯಿತು. ಮತ್ತೆ ಸೈನ್ಯ, ಮತ್ತೆ ಜೂಜು. ನಡುವೆ ಒಮ್ಮೆ ಸನ್ಯಾಸಿಯಾಗುತ್ತೇನೆಂದು ಹರಕೆ ಹೊತ್ತರು, ಮರೆತರು. 1574ರಲ್ಲಿ ನೇಪಲ್ಸ್ ನಗರದಲ್ಲಿ ಆಯುಧಗಳಿಂದ ಹಿಡಿದು ಮೈಮೇಲಿನ ಅಂಗಿಯವರೆಗೆ ಎಲ್ಲವನ್ನೂ ಸೋತರು.

ಹೊಟ್ಟೆಪಾಡಿಗಾಗಿ ಕಪುಚಿನ್ನರ ಕಟ್ಟಡವೊಂದರಲ್ಲಿ ಕೂಲಿಗೆ ಸೇರಿದರು. 1575ರ ಫೆಬ್ರವರಿಯಲ್ಲಿ, ಅಲ್ಲಿನ ಒಬ್ಬ ಸನ್ಯಾಸಿ ಆಡಿದ ಮಾತುಗಳನ್ನು ಮೆಲುಕು ಹಾಕುತ್ತಾ ದಾರಿಯಲ್ಲಿ ಹೋಗುತ್ತಿದ್ದಾಗ ಅವರ ಮನಸ್ಸು ತಿರುಗಿತು. ಸಿನಿಮಾದಲ್ಲಾದರೆ ಇಲ್ಲಿಗೆ 'ಶುಭಂ' ಬೀಳುತ್ತದೆ. ಜೀವನದಲ್ಲಿ ಹಾಗಾಗಲಿಲ್ಲ. ಕಾಲಿನ ಹುಣ್ಣಿನಿಂದಾಗಿ ಕಪುಚಿನ್ನರು ಅವರನ್ನು ಸನ್ಯಾಸಕ್ಕೆ ಸೇರಿಸಿಕೊಳ್ಳಲಾಗದೆ ವಾಪಸು ಕಳುಹಿಸಿದರು, ಅದೂ ಎರಡು ಸಲ. ಆಗ ಅವರು ಹೋದದ್ದು ತಮ್ಮನ್ನು ಹಿಂದೆ ಹೊರಹಾಕಿದ್ದ ಅದೇ ಆಸ್ಪತ್ರೆಗೆ.

ಅಂದಿನ ಆಸ್ಪತ್ರೆಗಳ ಸ್ಥಿತಿ ಹೇಳತೀರದು. ಕೂಲಿಯ ಆಸೆಗಷ್ಟೇ ಬಂದ ಆಳುಗಳು ರೋಗಿಗಳನ್ನು ಕೊಳಕಿನಲ್ಲಿ ಬಿಟ್ಟು ಹೋಗುತ್ತಿದ್ದರು. ಕಮಿಲಸ್ ಇದನ್ನು ರೋಗಿಯಾಗಿಯೂ ಕಂಡಿದ್ದರು, ಆಳಾಗಿಯೂ ಕಂಡಿದ್ದರು. ಹಾಸಿಗೆ ಶುಚಿ ಮಾಡುವುದು, ತುತ್ತು ತಿನ್ನಿಸುವುದು, ಸಾಯುವವರ ಪಕ್ಕ ಕುಳಿತಿರುವುದು, ಇವನ್ನು ಪ್ರೀತಿಯಿಂದ ಮಾಡುವ ಗುಂಪೊಂದನ್ನು ಕಟ್ಟಿದರು. 1584ರಲ್ಲಿ ಪಾದ್ರಿಯಾದರು. 1586ರಲ್ಲಿ ಈ ಗುಂಪಿಗೆ ಪೋಪರ ಮನ್ನಣೆ ದೊರೆಯಿತು, ನಿಲುವಂಗಿಯ ಮೇಲೆ ಕೆಂಪು ಶಿಲುಬೆ ಧರಿಸುವ ಅನುಮತಿಯೂ ಸಿಕ್ಕಿತು. 1595ರಲ್ಲಿ ಹಂಗೆರಿಯ ಯುದ್ಧಭೂಮಿಯಲ್ಲಿ ಗಾಯಾಳುಗಳ ಶುಶ್ರೂಷೆಗೆ ಇವರ ಸೋದರರು ಹೋದರು. ನಮಗೆ ಪರಿಚಿತವಾದ ರೆಡ್ ಕ್ರಾಸ್ ಸಂಸ್ಥೆ ಬೇರೆ. ಅದು 1863ರಲ್ಲಿ ಹುಟ್ಟಿದ್ದು, ಅದರ ಲಾಂಛನ ಸ್ವಿಟ್ಜರ್ಲೆಂಡ್ ಧ್ವಜದ ಬಣ್ಣಗಳನ್ನು ಅದಲುಬದಲು ಮಾಡಿದ್ದು.

ಕಮಿಲಸ್ 1614ರಲ್ಲಿ ತೀರಿಕೊಂಡರು. 1746ರಲ್ಲಿ ಅವರಿಗೆ ಸಂತಪದವಿ ನೀಡಿದವರು ನಮ್ಮ ಲ್ಯಾಂಬರ್ಟಿನಿಯೇ, ಅಂದರೆ ಪೋಪ್ 14ನೆಯ ಬೆನೆಡಿಕ್ಟ್. ಕಮಿಲಸರ ಪರಂಪರೆಯ ಸನ್ಯಾಸಿಗಳು ಬೆಂಗಳೂರಿನಲ್ಲೂ ಇದ್ದಾರೆ. ಎಚ್.ಐ.ವಿ. ಸೋಂಕಿತರನ್ನು ಸಮಾಜ ದೂರವಿಟ್ಟ ಕಾಲದಲ್ಲಿ ಅವರ ಆರೈಕೆಗಾಗಿ 'ಸ್ನೇಹದಾನ್' ಕೇಂದ್ರವನ್ನು ಸ್ಥಾಪಿಸಿದವರು ಇವರೇ. ಜೂಜುಕಟ್ಟೆಯಿಂದ ಎದ್ದು ಬಂದ ಒಬ್ಬ ಮನುಷ್ಯನ ಕೆಲಸ ನಾಲ್ಕು ಶತಮಾನ ದಾಟಿ ನಮ್ಮ ಊರಿಗೂ ಮುಟ್ಟಿತು.

ಮೂವತ್ತು ವರ್ಷ ಹೊರಗೆ ನಿಂತ ವೈದ್ಯ

ಕೊನೆಯ ಕತೆ ಚೀನಾ ದೇಶದ್ದು. ಮಾರ್ಕ್ ಜಿ ಟಿಯಾನ್‌ಷಿಯಾಂಗ್ 1834ರಲ್ಲಿ ಹೆಬೈ ಪ್ರಾಂತ್ಯದ ಕ್ರೈಸ್ತ ಕುಟುಂಬವೊಂದರಲ್ಲಿ ಹುಟ್ಟಿದರು. ಬಡವರಿಗೆ ಉಚಿತವಾಗಿ ಮದ್ದು ಕೊಡುತ್ತಿದ್ದ ವೈದ್ಯರು. ಒಮ್ಮೆ ಅವರಿಗೇ ಹೊಟ್ಟೆಯ ಬೇನೆ ಬಂತು. ಅಂದಿನ ವಾಡಿಕೆಯಂತೆ ಅಫೀಮು ತೆಗೆದುಕೊಂಡರು. ನೋವು ಹೋಯಿತು, ಅಫೀಮು ಉಳಿಯಿತು. ಆ ಶತಮಾನದಲ್ಲಿ ಚೀನಾದ ಲಕ್ಷಾಂತರ ಜನರ ಪಾಡು ಇದೇ. ಅಲ್ಲಿಗೆ ಸಾಗಿದ ಅಫೀಮಿನ ಬಹುಪಾಲು ನಮ್ಮ ಬಿಹಾರ ಮತ್ತು ಮಾಳವ ಪ್ರದೇಶಗಳಲ್ಲಿ ಬೆಳೆದದ್ದು, ಬ್ರಿಟಿಷರ ವ್ಯಾಪಾರ ಅದರಿಂದ ಕೊಬ್ಬಿದ್ದು ಎಂಬುದನ್ನು ನಾವು ಮರೆಯಬಾರದು.

ಕ್ಯಾಥೊಲಿಕ್ ಕ್ರಮದಲ್ಲಿ ತಪ್ಪು ಮಾಡಿದವರು ಗುರುವಿನ ಮುಂದೆ ಪಾಪನಿವೇದನೆ ಮಾಡಿ, ಇನ್ನು ಮಾಡುವುದಿಲ್ಲವೆಂದು ಸಂಕಲ್ಪಿಸಿದರೆ ಕ್ಷಮೆಯುಂಟು. ಮಾರ್ಕ್ ಪ್ರತಿ ಸಲವೂ ಅದೇ ತಪ್ಪನ್ನು ಹೇಳಿಕೊಳ್ಳುತ್ತಿದ್ದರು. ಇವರಿಗೆ ನಿಜವಾದ ಪಶ್ಚಾತ್ತಾಪವಿಲ್ಲ ಎಂದು ಗುರುಗಳು ಭಾವಿಸಿದರು. ಚಟ ಬಿಡುವವರೆಗೆ ಕ್ಷಮಾವಚನವೂ ಇಲ್ಲ, ಪರಮಪ್ರಸಾದವೂ ಇಲ್ಲ ಎಂದರು. ಮೂವತ್ತು ವರ್ಷ ಹೀಗೇ ನಡೆಯಿತು. ಆದರೂ ಮಾರ್ಕ್ ದೇವಾಲಯಕ್ಕೆ ಹೋಗುವುದನ್ನು ಬಿಡಲಿಲ್ಲ. ಎಲ್ಲರೂ ಪ್ರಸಾದ ಸ್ವೀಕರಿಸುವಾಗ ತಾನು ಮಾತ್ರ ಬರಿಗೈಯಲ್ಲಿ ನಿಲ್ಲಬೇಕಾದ ಕಡೆಗೆ ಮತ್ತೆ ಮತ್ತೆ ಹೋಗುವುದು ಸುಲಭವಲ್ಲ. 1900ರ ಬಾಕ್ಸರ್ ದಂಗೆಯಲ್ಲಿ ಕ್ರೈಸ್ತರನ್ನು ಹುಡುಕಿ ಕೊಲ್ಲುತ್ತಿದ್ದಾಗ, ನಂಬಿಕೆ ಬಿಟ್ಟರೆ ಜೀವ ಉಳಿಯುತ್ತಿತ್ತು. ಮಾರ್ಕ್ ಬಿಡಲಿಲ್ಲ. ತನ್ನ ಮನೆಯವರು ಯಾರೂ ಒಂಟಿಯಾಗಿ ಸಾಯಬಾರದೆಂದು, ತನ್ನನ್ನು ಕೊನೆಗೆ ಕೊಲ್ಲಿ ಎಂದು ಕೇಳಿಕೊಂಡರು ಎನ್ನುತ್ತಾರೆ. ಅಫೀಮು ಕೊನೆಯವರೆಗೂ ಅವರನ್ನು ಬಿಟ್ಟಿರಲಿಲ್ಲ. 2000ದ ಅಕ್ಟೋಬರ್ 1ರಂದು, ಚೀನಾದಲ್ಲಿ ಹತರಾದ 120 ಮಂದಿಯಲ್ಲಿ ಒಬ್ಬರಾಗಿ ಅವರಿಗೆ ಸಂತಪದವಿ ಬಂತು. ಇಂದು ಚಟಕ್ಕೆ ಸಿಕ್ಕವರು, ಅವರ ಮನೆಯವರು ಮಾರ್ಕ್‌ರನ್ನು ತಮ್ಮ ಸಂತ ಎಂದು ನೆನೆಯುತ್ತಾರೆ.

ಗುರುಗಳದು ಕ್ರೌರ್ಯ ಎನ್ನಲಾರೆ. ಅಂದಿನ ತಿಳಿವಳಿಕೆ ಅಷ್ಟೇ ಇತ್ತು. ಅಫೀಮಿನಲ್ಲಿರುವ ಮಾರ್ಫಿನ್ ಮಿದುಳಿನ ನಿರ್ದಿಷ್ಟ ಗ್ರಾಹಕಗಳಿಗೆ ಅಂಟಿಕೊಳ್ಳುತ್ತದೆ ಎಂದು ಪ್ರಯೋಗಶಾಲೆಯಲ್ಲಿ ಖಚಿತವಾದದ್ದು 1973ರಲ್ಲಿ. ಬೀಗಕ್ಕೆ ಕೀಲಿಕೈ ಹೊಂದುವಂತೆ ಅದು ಅಲ್ಲಿ ಕೂರುತ್ತದೆ. ದಿನ ಕಳೆದಂತೆ ಮಿದುಳು ಅದಕ್ಕೆ ಒಗ್ಗಿ, ಅದೇ ಪರಿಣಾಮಕ್ಕೆ ಹೆಚ್ಚು ಪ್ರಮಾಣ ಬೇಕಾಗುತ್ತದೆ. ನಿಲ್ಲಿಸಿದರೆ ಮೈಕೈ ನೋವು, ನಡುಕ, ವಾಂತಿಭೇದಿ. ಮನೋಬಲ ಬೇಕು ನಿಜ, ಆದರೆ ಅದೊಂದೇ ಸಾಲದು, ಚಿಕಿತ್ಸೆಯೂ ಬೇಕು. ಇಂದು ಅದಕ್ಕೆ ಔಷಧಿಗಳಿವೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪ್ರತ್ಯೇಕ ವಿಭಾಗವೇ ಇದೆ.

ಇಲ್ಲಿ ನನ್ನ ಮನೆಯ ಒಂದು ಮಾತು ಹೇಳಬೇಕು. ನನ್ನ ಸೋದರಮಾವ ಕುಡಿತ ಬಿಡಲು ಮೂರು ಸಲ ಪ್ರಯತ್ನಿಸಿ ಮೂರು ಸಲವೂ ಸೋತರು. ಮದುವೆ ಮುಂಜಿಗಳಿಗೆ ಅವರನ್ನು ಕರೆಯುವುದನ್ನು ನಿಲ್ಲಿಸಿದೆವು. "ಮನಸ್ಸು ಮಾಡಿದರೆ ಬಿಡಬಹುದಪ್ಪ" ಎಂದು ಹಿರಿಯರು ಹೇಳಿದಾಗ, ವಿಜ್ಞಾನ ಓದಿದ ನಾನೂ ತಲೆಯಾಡಿಸಿದೆ. ಅವರನ್ನು ವೈದ್ಯರ ಬಳಿ ಕರೆದುಕೊಂಡು ಹೋಗೋಣ ಎಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಅವರು ತೀರಿಕೊಂಡು ಬಹಳ ವರ್ಷಗಳಾದವು. ಮಾರ್ಕ್ ಅವರ ಕತೆ ಓದಿದಾಗ ನನಗೆ ನೆನಪಾದದ್ದು ಮಾವ ಮೂರು ಸಲ ಪ್ರಯತ್ನಿಸಿದ್ದರು ಎಂಬುದು. ನಾವು ಲೆಕ್ಕ ಇಟ್ಟದ್ದು ಸೋಲುಗಳನ್ನು ಮಾತ್ರ.

ಒಂದು ಎಚ್ಚರಿಕೆ

ಹಾಗಾದರೆ ಕುಂದು ಇದ್ದರೇ ಒಳ್ಳೆಯದೇ? ಖಂಡಿತ ಅಲ್ಲ. ಸಂತ ಅಗಸ್ಟಿನರ ಉದಾಹರಣೆ ನೋಡಿ. 354ರಲ್ಲಿ ಇಂದಿನ ಅಲ್ಜೀರಿಯಾದಲ್ಲಿ ಹುಟ್ಟಿದ ಈ ಮಹಾ ವಿದ್ವಾಂಸರು ತಮ್ಮ ತಪ್ಪುಗಳನ್ನೆಲ್ಲ ತಾವೇ ಬರೆದಿಟ್ಟರು. ಯೌವನದಲ್ಲಿ ಅವರು ಒಬ್ಬ ಹೆಣ್ಣಿನೊಡನೆ ಸುಮಾರು ಹದಿನೈದು ವರ್ಷ ಬಾಳಿದರು, ಒಬ್ಬ ಮಗನೂ ಇದ್ದ. ಅನುಕೂಲಸ್ಥ ಮನೆತನದ ಸಂಬಂಧ ಕುದುರಿದಾಗ ಆಕೆಯನ್ನು ಆಫ್ರಿಕಾಕ್ಕೆ ವಾಪಸು ಕಳುಹಿಸಲಾಯಿತು. ಮಗ ತಂದೆಯ ಬಳಿ ಉಳಿದ. ಅಗಸ್ಟಿನ್ ತಮ್ಮ ನೋವನ್ನು ಬರೆದರು, ಆಕೆಯ ಹೆಸರನ್ನು ಮಾತ್ರ ಬರೆಯಲಿಲ್ಲ. ಒಬ್ಬರ ತಪ್ಪಿನ ಬೆಲೆಯನ್ನು ಎಷ್ಟೋ ಸಲ ಇನ್ನೊಬ್ಬರು ತೆರುತ್ತಾರೆ. ಸ್ಫೂರ್ತಿ ಪಡೆಯುವಾಗ ಆ ಇನ್ನೊಬ್ಬರನ್ನೂ ನೆನೆಯುವುದು ನಮ್ಮ ಕರ್ತವ್ಯ.

ನಮಗೆ ಉಳಿಯುವುದೇನು?

ಈ ಸಂತರನ್ನು ನಂಬುವುದು ಬಿಡುವುದು ಅವರವರ ಶ್ರದ್ಧೆಗೆ ಬಿಟ್ಟದ್ದು. ಯಾವ ಧರ್ಮದ ವಿದ್ಯಾರ್ಥಿಗಾದರೂ ಇವರ ಜೀವನದಿಂದ ಸಿಗುವುದು ಕೆಲವು ಸರಳ ಸಂಗತಿಗಳು. ಇವರಲ್ಲಿ ಯಾರೂ ತಮ್ಮ ತಪ್ಪಿಗೆ ಬೇರೆ ಹೆಸರು ಇಡಲಿಲ್ಲ. ಯಾರೂ ಒಂದೇ ದಿನದಲ್ಲಿ ಬದಲಾಗಲಿಲ್ಲ. ಕೆಲವರು ಪೂರ್ತಿ ಬದಲಾಗಲೇ ಇಲ್ಲ. ಆದರೆ ಸೋತ ಮಾರನೆಯ ದಿನ ಮಾಡಬೇಕಾದ ಕೆಲಸವನ್ನು ಮಾಡಿದರು. ಜೋಸೆಫ್ ಲಾಯಕ್ಕೆ ಹೋದರು, ಕಮಿಲಸ್ ಹಳೆಯ ಆಸ್ಪತ್ರೆಯ ಬಾಗಿಲು ತಟ್ಟಿದರು, ಮಾರ್ಕ್ ರೋಗಿಗಳಿಗೆ ಮದ್ದು ಕೊಟ್ಟರು. ಜೊತೆಗೆ, ಜೋಸೆಫ್ ಮತ್ತು ಕಮಿಲಸ್‌ರಿಗೆ ಎರಡನೆಯ ಅವಕಾಶ ಕೊಟ್ಟ ಯಾರೋ ಇದ್ದರು. ಆ 'ಯಾರೋ' ಆಗುವ ಅವಕಾಶ ನಮ್ಮೆಲ್ಲರಿಗೂ ಇದೆ.

ಫಲಿತಾಂಶದ ದಿನಗಳಲ್ಲಿ ನಿಮ್ಮ ತರಗತಿಯಲ್ಲಿ ಯಾರಾದರೂ ಮಾತು ಬಿಟ್ಟು ಕುಳಿತಿದ್ದರೆ ಹತ್ತಿರ ಹೋಗಿ ಮಾತನಾಡಿಸಿ. ಮನಸ್ಸು ತೀರಾ ಕುಗ್ಗಿದ್ದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಅಂದ ಹಾಗೆ, ನನ್ನ ಮಾರ್ಕ್ಸ್ ಕಾರ್ಡು ಹದಿನಾರನೆಯ ದಿನ ಅಮ್ಮನ ಕೈಗೆ ಸಿಕ್ಕಿತು. ಅವರು ಬೈಯಲಿಲ್ಲ. "ಮರುಪರೀಕ್ಷೆಗೆ ಫೀಸು ಎಷ್ಟು?" ಎಂದು ಕೇಳಿದರು. ಅಕ್ಟೋಬರಿನಲ್ಲಿ ಆ ಪತ್ರಿಕೆಯನ್ನು ಮತ್ತೆ ಬರೆದೆ. ಪತ್ರ ಬರೆದ ಹುಡುಗನಿಗೆ ನನ್ನ ಉತ್ತರ ಇದೇ: ಆ ಪುಸ್ತಕಗಳು ನಿನ್ನಂಥವರಿಗೇ ಬರೆದವು ಕಣಪ್ಪ, ಅದರಲ್ಲಿ ಬಿಟ್ಟುಹೋದ ಪುಟಗಳನ್ನೂ ಹುಡುಕಿ ಓದು.